ಗೋಡೆಯ ಕಡೆಯ ಮಡ್‌ಗಾರ್ಡು

ಗೌದೆನ್ಸಿಯೊ ಕ್ರಿಪ್ಪಾನಷ್ಟು ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನು ಮಿಲಾನಿನಲ್ಲಿ ಮತ್ತೊಬ್ಬನನ್ನು ಕಂಡಿಲ್ಲ. ಅವನ ಮಣ್ಣಿಗೆ ಬಂದವರೆಲ್ಲ "ಎಂಥಾ ಕೈ ಅಪ್ಪಾ ಅವನದು, ಎಂಥಾ ಕೈ!" ಎಂದು ಲೊಚಗುಟ್ಟಿದರು. ಕೈ ಒಳ್ಳೆಯದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಕೈಗೆ ಸುತ್ತಿಗೆ ಕೊಟ್ಟು ಕೂರಿಸಿದ್ದು ಅವನ ಹೊಟ್ಟೆಯೊಳಗಿನ ಬೆಂಕಿ. ಪಾದ್ರಿಗಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಸಿಟ್ಟು ಬಂತು. ಅದನ್ನು ಬಿಟ್ಟು ಗೌದೆನ್ಸಿಯೊನ ಬಗ್ಗೆ ಹೇಳುವುದೆಂದರೆ ಉಪ್ಪು ಹಾಕದೆ ಜೋಳದ ಪೊಲೆಂತಾ ಗಂಜಿ ಬಡಿಸಿದ ಹಾಗೆ.

ಯುದ್ಧಕ್ಕೆ ಮುಂಚೆ ನಾನು, ಅವನು, ಒರೆಸ್ತೆ ಮೂವರೂ ಕಸ್ತೆಲ್ಲಾನಿ ಧಣಿಗಳ ಕಾರಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಇದ್ದೆವು. ಆಲ್ಫಾ ಕಾರು ಕಂಪನಿಯವರು ಎಂಜಿನ್ನು, ಗಾಲಿ, ಚೌಕಟ್ಟು ಮಾಡಿ ಬೆತ್ತಲೆ ಗಾಡಿಯನ್ನು ನಮ್ಮಲ್ಲಿಗೆ ಕಳಿಸುವರು. ಅದಕ್ಕೆ ಅಲ್ಯೂಮಿನಿಯಂ ತಗಡಿನ ಅಂಗಿ ತೊಡಿಸುವುದು ನಮ್ಮ ಕೆಲಸ. ಆಗ ತಗಡು ಒತ್ತುವ ಯಂತ್ರ ಎಲ್ಲಿತ್ತು! ಮರಳಿನ ಚೀಲದ ಮೇಲೆ ತಗಡು ಇಟ್ಟು ಕೊಡತಿಯಲ್ಲಿ ಬಡಿದು ಬಡಿದು ಉಬ್ಬಿಸಿ, ಮರದ ಅಚ್ಚಿನ ಮೇಲಿಟ್ಟು ಅಳತೆ ನೋಡಿ, ಮತ್ತೆ ಬಡಿಯಬೇಕು. ಗಾಡಿಯ ಎಡಗಡೆಯ ಮೈ ಒಬ್ಬ ಬಡಿಯುವನು, ಬಲಗಡೆಯ ಮೈ ಇನ್ನೊಬ್ಬ. ಎರಡನ್ನೂ ಬೆನ್ನಿನ ಮೇಲೆ ಉದ್ದಕ್ಕೆ ಬೆಸೆಯುವವನು ನಾನು, ವಿರ್ಜಿನಿಯೊ. ಬೆಸುಗೆ ಚೆನ್ನಾಗಿದ್ದರೆ ಅರದಲ್ಲಿ ಉಜ್ಜಿದ ಮೇಲೆ ಅದು ಇತ್ತು ಎಂದೇ ಯಾರಿಗೂ ತಿಳಿಯುವುದಿಲ್ಲ. ಕೆಟ್ಟರೆ ಮಾತ್ರ ನನ್ನ ಹೆಸರು ನೆನಪಾಗುತ್ತದೆ. ಆದ್ದರಿಂದ ಹೊಗಳಿಕೆಯ ಆಸೆಯನ್ನು ನಾನು ಚಿಕ್ಕಂದಿನಲ್ಲೇ ಬಿಟ್ಟೆ. ಗೌದೆನ್ಸಿಯೊ ಬಿಡಲಿಲ್ಲ.

ಎಡಗಡೆ ಬಡಿಯುತ್ತಿದ್ದವನು ಒರೆಸ್ತೆ. ಅವನು ಎಡಚ. ಎಡಗಡೆಯ ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಸುತ್ತಿಗೆ ಆಡಿಸಲು ಎಡಚನಿಗೆ ಸಲೀಸು ಎಂದು ಧಣಿಗಳು ಅವನನ್ನು ಅತ್ತ ನಿಲ್ಲಿಸಿದ್ದರು. ಗೌದೆನ್ಸಿಯೊ ಬಲಗಡೆ. ಕೊಮೊ ಸರೋವರದ ಬದಿಯ ಊರಿನಲ್ಲಿ ಅವನ ಅಪ್ಪ ತಾಮ್ರದ ಹಂಡೆ ಬಡಿಯುತ್ತಿದ್ದ. ಮಗ ನಡೆಯಲು ಕಲಿಯುವ ಮೊದಲೇ ಸುತ್ತಿಗೆ ಹಿಡಿದವನು. ಒರೆಸ್ತೆಯೋ, ಮೂವತ್ತು ದಾಟುವವರೆಗೆ ರೊಟ್ಟಿ ಅಂಗಡಿಯಲ್ಲಿ ಹಿಟ್ಟು ನಾದುತ್ತಿದ್ದವನು. ಗೌದೆನ್ಸಿಯೊನಿಗೆ ಮೊದಲು ಉರಿದದ್ದು ಇಲ್ಲಿ.

"ಮಿಕೆತ್ತಾ ರೊಟ್ಟಿ ತಟ್ಟೋನು ಕಣ್ಲಾ ಅವ್ನು!" ಎನ್ನುತ್ತಿದ್ದ ನನ್ನ ಹತ್ತಿರ. "ಅಲ್ಯೂಮಿನಿಯಂ ಏನ್ ಹಿಟ್ಟಾ, ಮಧ್ಯಾಹ್ನದೊತ್ತಿಗೆ ಉಬ್ಬಕ್ಕೆ?"

"ಉಬ್ಬುತ್ತಲ್ಲಯ್ಯಾ ಮತ್ತೆ. ಚೆನ್ನಾಗೇ ಉಬ್ಬುತ್ತೆ," ಎಂದರೆ ಎರಡು ದಿನ ನನ್ನ ಜೊತೆ ಮಾತಿಲ್ಲ.

ಒರೆಸ್ತೆ ಕೆಟ್ಟವನಾಗಿದ್ದರೆ ಗೌದೆನ್ಸಿಯೊನಿಗೆ ಬದುಕು ಸುಲಭವಾಗುತ್ತಿತ್ತು. ಅವನು ತೀರಾ ಒಳ್ಳೆಯವನು. ಕೇಳದೆ ಸುತ್ತಿಗೆ ಕೊಡುವನು, ತನ್ನ ಡಬ್ಬಿಯ ಸಲಾಮೆ ಮಾಂಸದಲ್ಲಿ ಪಾಲು ಕೊಡುವನು, ಸಂಜೆ ಕೋಟು ಹೆಗಲಿಗೆ ಹಾಕಿ ಹಾಡು ಹೇಳಿಕೊಂಡು ಮನೆಗೆ ಹೋಗುವನು. ಆ ಹಾಡು ಬೀದಿ ತಿರುಗುವವರೆಗೂ ಗೌದೆನ್ಸಿಯೊ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದ. "ಎಷ್ಟ್ ನೆಮ್ಮದಿ ನೋಡು ನನ್ಮಗಂಗೆ," ಎನ್ನುತ್ತಿದ್ದ. ಒರೆಸ್ತೆ ಹೊಸ ಟೊಪ್ಪಿ ಕೊಂಡರೆ ಇವನೂ ಕೊಳ್ಳಬೇಕು, ಒಂದು ಬೆರಳು ಹೆಚ್ಚು ಅಗಲದ್ದು. ಒರೆಸ್ತೆಯ ಹೆಂಡತಿ ಅವಳಿ ಹೆತ್ತಾಗ ಇವನು ಮುಖ ಕಪ್ಪು ಮಾಡಿಕೊಂಡು ತನ್ನ ಹೆಂಡತಿ ಇರ್ಮಾಳನ್ನು ನೋಡಿದನಂತೆ. "ನನ್ನೇನ್ ನೋಡ್ತೀಯಾ, ಇದ್ರಲ್ಲೂ ಪಂದ್ಯಾನಾ ನಿಂದು?" ಎಂದು ಅವಳು ಸೌಟು ಎತ್ತಿದ್ದಳಂತೆ.

ಇವೆಲ್ಲ ಸಣ್ಣಪುಟ್ಟವು. ನಿಜವಾದ ಹುಣ್ಣು ಬೇರೆ ಇತ್ತು. ಅದು ಫೋಟೊ.

ನಮ್ಮ ವರ್ಕ್‌ಶಾಪಿನ ಅಂಗಳ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಒಂದು ಬದಿಗೆ ಪಕ್ಕದ ಸಾಬೂನು ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ಬದಿ ಬಯಲು, ಬೆಳಕು. ಸಿದ್ಧವಾದ ಗಾಡಿಯನ್ನು ಗೋಡೆಗೆ ಒತ್ತಿಕೊಂಡೇ ಗೇಟಿನ ಕಡೆಗೆ ತಳ್ಳಬೇಕು. ಮೂತಿ ಗೇಟಿಗಿದ್ದರೆ ಬಲಗಡೆ ಗೋಡೆಗೆ, ಎಡಗಡೆ ಬೆಳಕಿಗೆ. ಫೋಟೊದವನು ಬಯಲಿನಲ್ಲಿ ಕ್ಯಾಮೆರಾದ ಮುಕ್ಕಾಲಿ ಇಟ್ಟು ಕ್ಲಿಕ್ ಎನ್ನಿಸುವನು. ಎಲ್ಲ ಗಾಡಿಗಳದ್ದೂ ಹೀಗೆಯೇ. ಧಣಿಗಳ ಆಫೀಸಿನ ಗೋಡೆಯ ತುಂಬ, ಮೋಟಾರು ವಾರಪತ್ರಿಕೆಯ ತುಂಬ, ಎಡಗಡೆಗಳೇ. ಒರೆಸ್ತೆಯ ಎಡಗಡೆಗಳು. ಓಟದ ಗಾಡಿಗಳ ಹುಚ್ಚು ಹಿಡಿದ ಊರು ನಮ್ಮದು. ಪತ್ರಿಕೆ ಬಂದ ದಿನ ಕ್ಷೌರದಂಗಡಿಯಲ್ಲಿ, ಟ್ರಾಮಿನಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ಒರೆಸ್ತೆಯ ಬೆನ್ನು ತಟ್ಟುವವರೇ ಎಲ್ಲರೂ.

"ನಿಂದೆಲ್ಲೋ?" ಎಂದು ಇರ್ಮಾ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. "ಓಹೋ, ನಿನ್ ಮಡ್‌ಗಾರ್ಡು ಗೋಡೆಗ್ ಮುಖ ಮಾಡ್ಕೊಂಡ್ ನಿಂತೈತೆ. ಏನ್ ತಪ್ ಮಾಡಿತ್ತೋ ಪಾಪ, ಮೇಷ್ಟ್ರು ನಿಲ್ಸವ್ರೆ."

ಪ್ರತಿ ಗಾಡಿ ಹೊರಡುವಾಗಲೂ ಗೌದೆನ್ಸಿಯೊ ಟೊಪ್ಪಿ ಕೈಯಲ್ಲಿ ಹಿಡಿದು ಧಣಿಗಳ ಮುಂದೆ ನಿಲ್ಲುವನು. "ಧಣಿ, ಒಂದ್ಸಲ ಹಿಂದ್ಗಡೆ ಮುಂದ್ ಮಾಡಿ ತಳ್ಳೋಣ."

"ಹಿಮ್ಮುಖ ಹೊರಗ್ ಹೋದ ಗಾಡಿ ಹಗ್ಗ ಕಟ್ಟಿಸ್ಕೊಂಡೇ ವಾಪಸ್ ಬರೋದು. ನಿನ್ನ ಮಡ್‌ಗಾರ್ಡಿಗೋಸ್ಕರ ಗಿರಾಕಿ ಪ್ರಾಣ ತೆಗೀಲೇನಯ್ಯಾ?" ಎಂದು ಧಣಿಗಳು ಶಿಲುಬೆಯ ಗುರುತು ಮಾಡಿಕೊಳ್ಳುವರು. ಅದು ಅವರ ಅಪ್ಪನ ಕಾಲದಿಂದ, ಕುದುರೆ ಗಾಡಿ ಕಟ್ಟುತ್ತಿದ್ದಾಗಿನಿಂದ ಬಂದ ಭಯ. ಅಲ್ಲಿಗೆ ಮಾತು ಮುಗಿಯಿತು.

ಹೀಗಿರುವಾಗ ಆ ದೊಡ್ಡ ಗಾಡಿ ಬಂತು. ಕೊಮೊದ ರೇಷ್ಮೆ ಗಿರಣಿಯ ಒಡೆಯ ಲುರಾಸ್ಕಿ ಎಂಬಾತ ಬ್ರೆಷಿಯಾದ ಸಾವಿರ ಮೈಲಿ ಓಟಕ್ಕೆಂದು ಕೊಂಡದ್ದು. ಎಂಜಿನ್ನಿನ ಮುಚ್ಚಳ ತೆಗೆದ ದಿನ ನಾವೆಲ್ಲ ಊಟ ಬಿಟ್ಟು ಸುತ್ತ ನಿಂತೆವು. ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ. ಅಷ್ಟುದ್ದದ ದಂಡ ಒಂದು ತುದಿಯಿಂದ ತಿರುಗಿಸಿದರೆ ತಿರುಚಿಕೊಳ್ಳುತ್ತದೆಂದು, ನಾಲ್ಕು ನಾಲ್ಕರ ಎರಡು ತುಂಡು ಮಾಡಿ, ನಟ್ಟನಡುವೆ ಹಲ್ಲುಚಕ್ರಗಳನ್ನು ಇಟ್ಟು, ಮೇಲಿನ ಕವಾಟಗಳನ್ನೆಲ್ಲ ಆ ನಡುವಿನಿಂದಲೇ ಆಡಿಸುತ್ತಿದ್ದರು. ಗಾಳಿ ಒತ್ತಿ ತುಂಬುವ ಪಂಪು ಎರಡು, ತುಂಡಿಗೊಂದು. ಗೇರುಪೆಟ್ಟಿಗೆಯನ್ನು ಹಿಂದಿನ ಗಾಲಿಗಳ ಹತ್ತಿರ ಒಯ್ದು ಕೂರಿಸಿ ಭಾರ ಸರಿತೂಗಿಸಿದ್ದರು. ಆ ಎಂಜಿನ್ನಿನ ಅಣ್ಣಂದಿರು ಅದೇ ಬ್ರೆಷಿಯಾದ ಓಟವನ್ನು ಗೆದ್ದು ಗೆದ್ದು ರೂಢಿಯಾಗಿದ್ದವರು. ತಮ್ಮನ ಮೇಲೂ ಊರಿಗೆಲ್ಲ ಅದೇ ನಿರೀಕ್ಷೆ.

ನನಗೆ ಚೇಷ್ಟೆ ಮಾಡುವ ಮನಸ್ಸಾಯಿತು. "ಅಲ್ಲಯ್ಯಾ ಗೌದೆನ್, ಹಿಂದಿನ ನಾಲ್ಕಕ್ಕೆ ಮುಂದಿನ ನಾಲ್ಕರ ಮೇಲೆ ಹೊಟ್ಟೆಕಿಚ್ಚು ಇರಲ್ವಾ?"

ಅವನು ನಗಲಿಲ್ಲ. ಬಗ್ಗಿ ನೋಡಿ, "ಇರ್ತದೆ," ಎಂದ. "ತಣ್ಣನ್ ಗಾಳಿ ಮುಂದಿನೋರ್ಗೇ ಅಲ್ವಾ ಮೊದ್ಲು ಸಿಗೋದು."

ಒರೆಸ್ತೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅದಕ್ಕೂ ಇವನಿಗೆ ಉರಿಯಿತು.

ಆ ಗಾಡಿಯ ಬಲಗಡೆಯನ್ನು ಗೌದೆನ್ಸಿಯೊ ಬಡಿದ ರೀತಿಯನ್ನು ನಾನು ಮರೆಯುವವನಲ್ಲ. ನಮ್ಮಲ್ಲಿ ತಗಡಿನ ಉಬ್ಬುತಗ್ಗನ್ನು ಕಣ್ಣಲ್ಲಿ ನೋಡುವುದಿಲ್ಲ. ತೆಳು ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಅಂಗೈಯಲ್ಲಿ ಸವರುತ್ತೇವೆ. ಬರಿಗೈ ಜಾರುತ್ತದೆ, ಸುಳ್ಳು ಹೇಳುತ್ತದೆ. ಬಟ್ಟೆಯ ಮೇಲಿನ ಕೈ ನಿಜ ಹೇಳುತ್ತದೆ. ಗೌದೆನ್ಸಿಯೊ ಹೆಂಡತಿಯ ಮದುವೆಯ ಕರವಸ್ತ್ರ ತಂದಿದ್ದ. ಸವರುವನು, ಒಂದೇ ಒಂದು ಏಟು ಹಾಕುವನು, ಮತ್ತೆ ಸವರುವನು. ಮುಂಗಾಲಿಯ ಮೇಲಿಂದ ಇಳಿದು ಬಾಗಿಲ ಹತ್ತಿರ ಸಣ್ಣಗಾಗಿ ಮತ್ತೆ ಹಿಂಗಾಲಿಯ ಮೇಲೆ ಏಳುವ ಆ ಬಾಗನ್ನು ಅವನು ಮೂರು ಸಲ ಮಾಡಿ ಮೂರು ಸಲ ಮುರಿದು ಹಾಕಿದ. ನಡುನಡುವೆ ಎದ್ದು ಒರೆಸ್ತೆಯ ಕಡೆ ಹೋಗಿ, ಮೊಳೆ ಹುಡುಕುವವನ ಹಾಗೆ ನಟಿಸಿ, ಓರೆಗಣ್ಣಿನಲ್ಲಿ ನೋಡಿ ಬರುವನು. ಬಂದವನು ಇನ್ನೂ ಮೆತ್ತಗೆ ಬಡಿಯುವನು.

ಎರಡನ್ನೂ ಬೆಸೆಯಲು ಕೂತಾಗ ನಾನೂ ಬಟ್ಟೆ ಹಾಕಿ ಸವರಿದೆ. ಎಡಗಡೆ ಚೆನ್ನಾಗಿತ್ತು. ಬಲಗಡೆ ಅದಕ್ಕಿಂತ ಒಂದು ಕೂದಲೆಳೆ ಚೆನ್ನಾಗಿತ್ತು. ಹೇಳಿದರೆ ಒಬ್ಬನ ತಲೆ ತಿರುಗುತ್ತದೆ, ಇನ್ನೊಬ್ಬನ ಮನಸ್ಸು ಮುರಿಯುತ್ತದೆ ಎಂದು ನಾನು ಹೇಳಲಿಲ್ಲ.

ಗಾಡಿಗೆ ಕೆಂಪು ಬಣ್ಣ ಬಿತ್ತು. ಗೌದೆನ್ಸಿಯೊ ಮತ್ತೆ ಟೊಪ್ಪಿ ಹಿಡಿದು ಹೋದ. ಈ ಸಲ ಧಣಿಗಳಿಗೂ ಪಾಪ ಅನ್ನಿಸಿತೋ ಏನೋ.

"ನೋಡಯ್ಯಾ, ಹೋಗುವಾಗ ಮೂತಿ ಮುಂದೆ. ಅದು ಬದಲಾಗಲ್ಲ. ಆದರೆ ಓಟ ಆದ್ಮೇಲೆ ಇದು ನಮ್ಮಲ್ಲಿಗೇ ವಾಪಸ್ ಬರಬೇಕು, ದೀಪ ಗೀಪ ಬದಲಾಯಿಸೋದಿದೆ. ಬರುವಾಗ ಮೂತಿ ಒಳಗೆ. ಆಗ ಗೋಡೆಗೆ ಯಾವ ಕಡೆ?"

ಗೌದೆನ್ಸಿಯೊ ಕೈಯಲ್ಲಿ ಟೊಪ್ಪಿಯನ್ನು ಗಾಡಿಯ ಹಾಗೆ ತಿರುಗಿಸಿ ನೋಡಿದ. "ಎಡ," ಎಂದ.

"ಆಗ ನಿನ್ನ ಕಡೆ ತೆಗೆಸ್ತೀನಿ. ಪತ್ರಿಕೆಗೂ ಅದನ್ನೇ ಕಳಿಸ್ತೀನಿ. ನನ್ನ ಮಾತು."

ಅಂದಿನಿಂದ ಅವನಿಗೆ ಒಂದೇ ಜಪ. ಗಾಡಿ ಗೆಲ್ಲುವುದು ಬೇಡ, ತನ್ನ ಬಲಗಡೆಗೆ ಒಂದು ಗೀರು ಬೀಳದೆ ಗೇಟಿನೊಳಗೆ ಬಂದರೆ ಸಾಕು. ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದ. "ಯಾರಿಗಯ್ಯಾ ಹರಕೆ, ಲುರಾಸ್ಕಿಗಾ?" ಎಂದೆ. "ಮಡ್‌ಗಾರ್ಡಿಗೆ," ಎಂದ, ಮುಚ್ಚುಮರೆ ಇಲ್ಲದೆ.

ಓಟದ ದಿನ ನಾವು ಧಣಿಗಳ ಲಾರಿಯಲ್ಲಿ ಕ್ರೆಮೊನಾದ ಹತ್ತಿರ ಹೋಗಿ ರಸ್ತೆಯ ಬದಿಗೆ ನಿಂತೆವು. ಯಾವ ಬದಿಗೆ ಎಂಬುದಕ್ಕೇ ಜಗಳ. ಗೌದೆನ್ಸಿಯೊ ಬಲಗಡೆಗೆ ಎಳೆದ. ಒರೆಸ್ತೆ, "ಆಗ್ಲಿ ಬಿಡಯ್ಯಾ, ಎಲ್ಲಿಂದ ನೋಡಿದ್ರೂ ನಮ್ದೇ," ಎಂದು ಬಂದು ನಿಂತ. ಎರಡು ಗಂಟೆ ಕಾದೆವು. ದೂರದಲ್ಲಿ ಆ ಎಂಟರ ಕೂಗು ಕೇಳಿತು. ಪಂಪುಗಳ ಸೀಟಿ ಅದರ ಮೇಲೆ. "ಬಂತು, ನೋಡ್ಲಾ, ನೋಡು, ಬಾಗಿಲ್ ಹತ್ರ ನೋಡು" ಎಂದು ಅವನು ಬೆರಳು ತೋರಿಸುವುದರೊಳಗೆ ಅದು ಪಾರ್ಮಾದ ಕಡೆ ಧೂಳಾಗಿತ್ತು. ನನ್ನ ಕಣ್ಣಿಗೆ ಎಡವೂ ಬೀಳಲಿಲ್ಲ, ಬಲವೂ ಬೀಳಲಿಲ್ಲ.

ಮೂರನೆಯ ದಿನ ಗಾಡಿ ತನ್ನ ಗಾಲಿಯ ಮೇಲೆಯೇ ವಾಪಸ್ ಬಂತು. ಲುರಾಸ್ಕಿ ಗೆದ್ದಿರಲಿಲ್ಲ, ಬೆಟ್ಟ ಇಳಿಯುವಾಗ ಒಂದು ಸೇತುವೆಯ ಗೋಡೆಗೆ ಉಜ್ಜಿಕೊಂಡು ಹೋಗಿದ್ದ. ಎಡಗಡೆ. ಮುಂದಿನಿಂದ ಹಿಂದಿನವರೆಗೆ ತಗಡು ಹರಿದು, ಒಳಗಿನ ಸಣ್ಣ ಕೊಳವೆಗಳೆಲ್ಲ ಕಾಣುತ್ತಿದ್ದವು. ಬಲಗಡೆಗೆ ಏನೂ ಆಗಿರಲಿಲ್ಲ. ಬಾಗಿಲ ಮೇಲೆ ಬಳಿದಿದ್ದ ಓಟದ ಸಂಖ್ಯೆ, ಎಂಬತ್ತೆಂಟು, ಬಿಳಿ ಬಣ್ಣದಲ್ಲಿ ಹೊಳೆಯುತ್ತಿತ್ತು.

ನಾನು ಗೌದೆನ್ಸಿಯೊನ ಮುಖವನ್ನೇ ನೋಡಿದೆ. ತುಟಿ ಎರಡೂ ಕಡೆಗೆ ಎಳೆಯಿತು. ನಗು ಬರುತ್ತದೆಂದು ಅವನಿಗೇ ಹೆದರಿಕೆಯಾಗಿ ಕರವಸ್ತ್ರ ತೆಗೆದು ಮೂಗು ಸೀಟಿಕೊಂಡ. ಆಮೇಲೆ ಒರೆಸ್ತೆಯ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು, "ಪಾಪ ಕಣಯ್ಯಾ, ಪಾಪ," ಎಂದ. ಅಷ್ಟು ವರ್ಷದಲ್ಲಿ ಅವನು ಒರೆಸ್ತೆಯನ್ನು ಮುಟ್ಟಿದ್ದು ಅದೇ ಮೊದಲು. ನನಗೆ ಅವನ ಕೆನ್ನೆಗೆ ಎರಡು ಬಿಡಬೇಕೆನ್ನಿಸಿತು. ಒರೆಸ್ತೆ ಹರಿದ ತಗಡಿನ ಅಂಚನ್ನು ಮೆಲ್ಲಗೆ ಒಳಗೆ ಮಡಚುತ್ತಾ, "ಇರ್ಲಿ ಬಿಡು. ಮನ್ಷ ಉಳ್ದವ್ನಲ್ಲ," ಎಂದ.

ಧಣಿಗಳು ಮಾತಿಗೆ ತಪ್ಪಲಿಲ್ಲ. ಹರಿದ ಕಡೆ ಗೋಡೆಗೆ, ಗೌದೆನ್ಸಿಯೊನ ಕಡೆ ಬೆಳಕಿಗೆ. ಫೋಟೊದವನು ಬರುವುದರೊಳಗೆ ಇವನೇ ನೀರು ತಂದು ತೊಳೆದ, ಒರೆಸಿದ, ತನ್ನ ನೆರಳು ಬಿದ್ದೀತೆಂದು ದೂರ ಸರಿದು ಉಸಿರು ಬಿಗಿ ಹಿಡಿದು ನಿಂತ. ಒರೆಸ್ತೆ ಅದನ್ನು ನೋಡಲು ನಿಲ್ಲಲಿಲ್ಲ. ಹೊಸ ತಗಡು ಕತ್ತರಿಸಲು ಒಳಗೆ ಹೋಗಿದ್ದ. ಕ್ಲಿಕ್ ಆಯಿತು. ಆ ವಾರವೆಲ್ಲ ಗೌದೆನ್ಸಿಯೊ ಎಲ್ಲರಿಗೂ ಗ್ಲಾಸು ತುಂಬಿಸಿದ. ಇರ್ಮಾಳಿಗೆ ಫೋಟೊ ನೇತುಹಾಕಲು ಮೊಳೆ ಹೊಡೆದು ಇಡಲು ಹೇಳಿದ.

ಭಾನುವಾರ ಪೂಜೆ ಮುಗಿಸಿ ನಾವು ಒಸ್ತೆರಿಯಾ ಎಂಬ ವೈನ್ ಅಂಗಡಿಯ ಹಿತ್ತಲಿನಲ್ಲಿ, ಗುಂಡು ಉರುಳಿಸುವ ಬೋಚೆ ಆಟದ ಅಂಕಣದಲ್ಲಿ ಇದ್ದಾಗ ಪತ್ರಿಕೆ ಬಂತು. ಒಡತಿಯೇ ಮೇಲೆತ್ತಿ ಹಿಡಿದು, "ನೋಡ್ರಪ್ಪಾ, ಒರೆಸ್ತೆ ಮಡ್‌ಗಾರ್ಡು! ಅರ್ಧ ಪುಟ ಐತೆ!" ಎಂದು ಕೂಗಿದಳು.

ಗೌದೆನ್ಸಿಯೊ ಗುಂಡು ಕೈಬಿಟ್ಟು ಓಡಿದ. ಅವನ ಹೆಗಲ ಮೇಲಿಂದ ನಾನು ಬಗ್ಗಿ ನೋಡಿದೆ. ಗಾಡಿಯ ಮೂತಿ ಎಡಕ್ಕೆ ಇತ್ತು. ಯಾವಾಗಲೂ ಇದ್ದ ಹಾಗೆ. ಕಂಡದ್ದು ಎಡಗಡೆಯ ಮೈ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಗಾಡಿಗಳಿಗೆ ಸ್ಟೀರಿಂಗು ಬಲಗಡೆ. ಎಡಗಡೆಯಿಂದ ನೋಡಿದರೆ ಅದು ಆಚೆ ಬದಿಗೆ ಕಾಣಬೇಕು. ಈ ಚಿತ್ರದಲ್ಲಿ ಈಚೆಗೇ, ಬಾಗಿಲಿಗೆ ಅಂಟಿಕೊಂಡೇ ಇತ್ತು. ಪತ್ರಿಕೆಯವರು ಪುಟಕ್ಕೆ ಹೊಂದಲಿ ಎಂದು ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕಿದ್ದರು. ಹಿಂದಿನ ಅಂಗಳವನ್ನು ಬಿಳಿ ಬಳಿದು ಅಳಿಸಿದ್ದರು. ಬೇರೆ ಸಂಖ್ಯೆಯಾಗಿದ್ದರೆ ಗುಟ್ಟು ಬಯಲಾಗುತ್ತಿತ್ತು. 88 ಎಂಬುದು ಕನ್ನಡಿಯಲ್ಲೂ 88 ಆಗಿಯೇ ಕಾಣುತ್ತದೆ. ಗೌದೆನ್ಸಿಯೊನಿಗೆ ಈ ಲೆಕ್ಕವೆಲ್ಲ ಬೇಕಾಗಲಿಲ್ಲ. ತನ್ನ ಬಾಗನ್ನು ಕಂಡೊಡನೆ ಗುರುತಿಸಿದ್ದ. ಅವನ ಕಿವಿ ಕೆಂಪಾಯಿತು, ಕತ್ತಿನ ನರ ಎದ್ದಿತು.

ಅಷ್ಟರಲ್ಲಿ ಎಲ್ಲರೂ ಒರೆಸ್ತೆಯನ್ನು ಮುತ್ತಿಕೊಂಡಿದ್ದರು. ಅವನು ಪತ್ರಿಕೆ ಈಸಿಕೊಂಡು ಬಿಸಿಲಿಗೆ ಹಿಡಿದ. ಒರೆಸ್ತೆ ತಗಡು ಬಿಟ್ಟು ಇನ್ನೇನನ್ನೂ ನೋಡುವವನಲ್ಲ. ಸ್ಟೀರಿಂಗು ಮೇಲ್ಛಾವಣಿಯ ಮೇಲಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಬಹಳ ಹೊತ್ತು ನೋಡಿದ. ಆ ಬಾಗಿನ ಮೇಲೆ ಬೆರಳು ಆಡಿಸಿದ.

"ಬ್ರೆಷಿಯಾದಲ್ಲಿ ಹೊರಡೋಕ್ ಮುಂಚೆ ತೆಗ್ದಿರ್ಬೇಕು," ಎಂದ. "ನಾನೇನಾ ಇದ್ನ ಮಾಡಿದ್ದು?"

"ಇನ್ಯಾರು, ನಿಮ್ಮಜ್ಜಿನಾ?" ಎಂದು ಯಾರೋ ನಕ್ಕರು.

"ನಗ್ಬೇಡ್ರೋ. ಇಷ್ಟ್ ವರ್ಷ ಒಬ್ರ್ ಹತ್ರಾನೂ ಹೇಳಿಲ್ಲ, ಇವತ್ತ್ ಹೇಳ್ಬುಡ್ತೀನಿ." ಅವನು ಗೌದೆನ್ಸಿಯೊನ ಕಡೆ ತಿರುಗಿದ. "ನೀವೆಲ್ಲಾ ಕೈ ತೊಳ್ಕೊಳಕ್ ಹೋದಾಗ ನಾನ್ ಇವನ್ ಕಡೆ ಹೋಗಿ ಬಟ್ಟೆ ಹಾಕಿ ಸವರ್ತಿದ್ದೆ. ಒಂದ್ ಉಬ್ಬು, ಒಂದ್ ತಗ್ಗು ಸಿಗ್ಲಿ ದೇವ್ರೇ ಅಂತಿದ್ದೆ. ಸಿಕ್ತಾನೇ ಇರ್ಲಿಲ್ಲ. ಹೊಟ್ಟೇಲಿ ಕೆಂಡ ಇಟ್ಟಂಗ್ ಆಗೋದು. ಮನೇಲ್ ಗೊತ್ತಾಗ್ಬಾರ್ದು ಅಂತ ಹಾಡ್ ಹೇಳ್ಕೊಂಡ್ ಹೋಗ್ತಿದ್ದೆ ಕಣ್ರೋ. ಜನ ನನ್ ಬೆನ್ ತಟ್ಟಿದಾಗೆಲ್ಲಾ ಇವ್ರು ಆ ಕಡೆ ನೋಡಿಲ್ಲ, ಅದುಕ್ ತಟ್ತಾವ್ರೆ ಅನ್ಕೊತಿದ್ದೆ." ಪತ್ರಿಕೆಯನ್ನು ಬೆರಳಿನಿಂದ ತಟ್ಟಿದ. "ಇದೊಂದ್ ಸಲ ಇವನ್ ಸಮಕ್ಕೆ ಬಂದಿದೀನಿ. ಒಂದೇ ಸಲ. ಅದೂ ಸೇತುವೆ ಗೋಡೆಗ್ ಹೋಯ್ತು."

ನನಗೆ ತಡೆಯಲಾಗಲಿಲ್ಲ. "ಅಯ್ಯಾ ಒರೆಸ್ತೆ, ಆ ಸ್ಟೀರಿಂಗು..." ಎಂದು ಬಾಯಿ ತೆಗೆದೆ. ಗೌದೆನ್ಸಿಯೊ ತನ್ನ ಬೂಟುಗಾಲಿನಿಂದ ನನ್ನ ಪಾದವನ್ನು ತುಳಿದ. ಹಾಗೆ ಹೀಗಲ್ಲ, ಉಗುರು ಕಪ್ಪಾಗುವ ಹಾಗೆ.

"ಸ್ಟೀರಿಂಗು ಏನು?" ಎಂದ ಒರೆಸ್ತೆ.

"ಏನಿಲ್ಲ ಕಣಯ್ಯಾ," ಎಂದ ಗೌದೆನ್ಸಿಯೊ. "ಚೆನ್ನಾಗ್ ಮಾಡಿದೀಯಾ. ನಂಗಿಂತ್ಲೂ."

ಒರೆಸ್ತೆ ಅವನನ್ನು ತಬ್ಬಿಕೊಂಡು ಎರಡು ಕೆನ್ನೆಗೂ ಮುತ್ತಿಟ್ಟ. ಆ ಪುಟವನ್ನು ಹರಿದು ಕೊಡಲು ಒಡತಿಯನ್ನು ಬೇಡಿದ; ಹೊಸ ಎಡಗಡೆ ಬಡಿಯುವಾಗ ಕಣ್ಣೆದುರಿಗೆ ಇರಲಿ ಎಂದು. ಗೌದೆನ್ಸಿಯೊ ಸುಣ್ಣದ ಗೊಂಬೆಯ ಹಾಗೆ ನಿಂತಿದ್ದ.

ನಾನು, ಗೌದೆನ್ಸಿಯೊ ಇಬ್ಬರೂ ಮನೆಯ ಕಡೆ ನಡೆದೆವು. ನಾನು ಕುಂಟುತ್ತಿದ್ದೆ. ಮೇಲಿನ ಮೊಗಸಾಲೆಯ ಕಂಬಿಗೆ ಒರಗಿ ಇರ್ಮಾ ಕಾಯುತ್ತಿದ್ದಳು. "ಬಂತಾ? ಯಾರ್ ಕಡೆ ಹಾಕವ್ರೆ?" ಎಂದು ಕೂಗಿದಳು.

"ಒರೆಸ್ತೇದು," ಎಂದ ಇವನು.

"ಹೊಡ್ಸಿದ್ಯಲ್ಲಾ ಮೊಳೆ, ಅದ್ಕೆ ನಿನ್ ಟೊಪ್ಪಿ ನೇತಾಕ್ತೀನಿ!" ಎಂದು ಅವಳು ನಗುತ್ತಾ ಒಳಗೆ ಹೋದಳು.

ನಾನು ಅವನನ್ನು ಬೈದೆ. ಹುಚ್ಚನೇ, ಕೈಗೆ ಬಂದದ್ದನ್ನು ಬಿಟ್ಟೆಯಲ್ಲ, ನಾಳೆಯಾದರೂ ಹೇಳು ಎಂದೆ. ನಿನ್ನ ಮೇಲೆ ಅವನಿಗೆ ಅಷ್ಟು ಹೊಟ್ಟೆಕಿಚ್ಚು ಇತ್ತಂತಲ್ಲ, ಅದಕ್ಕಾದರೂ ಖುಷಿಪಡು ಎಂದೆ. ಗೌದೆನ್ಸಿಯೊ ಮೆಟ್ಟಿಲ ಬುಡದಲ್ಲಿ ನಿಂತ. ಅವನ ಮುಖ ಹಳೆಯ ಹಾಗೆಯೇ ಕಪ್ಪಿಟ್ಟಿತು.

"ನೋಡ್ದ್ಯೇನ್ಲಾ ವಿರ್ಜಿನಿಯೊ," ಎಂದ. "ಹೊಟ್ಟೆಕಿಚ್ಚಲ್ಲೂ ನನ್ ಮಗ ನನ್ನೇ ಮೀರ್ಸ್‌ಬುಟ್ಟ. ನಂದು ಬೀದಿಗೆಲ್ಲಾ ಗೊತ್ತು. ಅವ್ನು ಇಷ್ಟ್ ವರ್ಷ ಪಟ್ಟವ್ನೆ, ಒಂದ್ ಗೀರೂ ಕಾಣ್ಲಿಲ್ವಲ್ಲೋ."